ರೇಷ್ಮೆ ಹುಳು ಮನೆ, ಅಡುಗೆ ಮನೆ, ದೂರಶಿಕ್ಷಣ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ ಕಡೆ ಮನೆಯಲ್ಲೇ ಇದ್ದುಕೊಂಡು ಡಿಗ್ರಿ ಓದುತ್ತಿರುವವರು, ಓದಬೇಕು ಅಂದುಕೊಂಡಿರುವವರು ಕೇಳುವ ಪ್ರಶ್ನೆಗಳಿವು. ಅರ್ಜಿ ತುಂಬುವುದನ್ನು ಸೈಬರ್ ಸೆಂಟರ್ ಹುಡುಗನೂ ಹೇಳಿಕೊಡುತ್ತಾನೆ. ಸೇರಿದ ಮೇಲೆ ಮನೆಯಲ್ಲಿ ಹೇಗೆ ಓದೋದು ಅನ್ನುವುದನ್ನು ಹೇಳುವವರು ಕಡಿಮೆ. ಅದಕ್ಕೇ ಇಲ್ಲಿ ಅದರದ್ದೇ ಮಾತು ಜಾಸ್ತಿ.

ಮದುವೆಯಾಗಿ ಹತ್ತು ವರ್ಷ ಆಯ್ತು. ಈಗ ಸೇರಿಸ್ಕೊಳ್ತಾರಾ?

ಸೇರಿಸಿಕೊಳ್ಳುತ್ತಾರೆ. ಮುಕ್ತ ವಿಶ್ವವಿದ್ಯಾಲಯದ ಬಿ.ಎ., ಬಿ.ಕಾಂ.ಗೆ ಇಷ್ಟೇ ವಯಸ್ಸಿನೊಳಗಿರಬೇಕು ಅನ್ನುವ ಕಟ್ಟುಪಾಡಿಲ್ಲ. ಪಿಯುಸಿ ಪಾಸಾಗಿರಬೇಕು, ಅಷ್ಟೆ. ಎಸ್ಸೆಸ್ಸೆಲ್ಸಿಗೇ ನಿಲ್ಲಿಸಿದವರು ಮೊದಲು ಪಿಯುಸಿ ಮುಗಿಸಿಕೊಳ್ಳಿ. ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು, ಇಲ್ಲವೇ ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹನ್ನೆರಡನೇ ತರಗತಿ ಬರೆಯಬಹುದು.

ಮೈಸೂರಿಂದು ಸೇರಲಾ, ಇಗ್ನೋ ಸೇರಲಾ?

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನನ್ನ ಉತ್ತರ ಮೈಸೂರು. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಶುರುವಾಗಿದ್ದು. ಬಿ.ಎ.ಯಂಥ ಕೋರ್ಸ್‌ಗಳ ಪುಸ್ತಕ ಕನ್ನಡದಲ್ಲಿದೆ, ಪರೀಕ್ಷೆಯನ್ನೂ ಕನ್ನಡದಲ್ಲೇ ಬರೆಯಬಹುದು. ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ದೆಹಲಿಯದ್ದು, 1985ರಷ್ಟು ಹಳೆಯದು, ಕೋರ್ಸ್‌ಗಳು ಬಹಳ. ಆದರೆ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ.

ಇಂಗ್ಲಿಷ್ ನಿಭಾಯಿಸ್ತೀನಿ ಅನ್ನುವವರು ದುಡ್ಡು ಕಟ್ಟುವ ಮೊದಲು ಒಂದು ಕೆಲಸ ಮಾಡಿ. ಇಗ್ನೋ ಪಾಠಗಳೆಲ್ಲ ಇ-ಜ್ಞಾನಕೋಶ ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ನೀವು ಸೇರಬೇಕೆಂದಿರುವ ವಿಷಯದ ಒಂದು ಅಧ್ಯಾಯ ಇಳಿಸಿಕೊಂಡು, ಸಂಜೆ ಮಕ್ಕಳ ಗಲಾಟೆಯ ನಡುವೆಯೇ ಓದಿ ನೋಡಿ. ಅರ್ಥವಾದರೆ ಸೇರಿ. ನಿಶ್ಶಬ್ದದಲ್ಲಿ ಓದಿ ಅರ್ಥವಾಯಿತು ಅನ್ನುವುದು ಲೆಕ್ಕಕ್ಕಿಲ್ಲ, ಆ ನಿಶ್ಶಬ್ದ ಮುಂದೆ ಸಿಗುವುದಿಲ್ಲ.

ಈ ಡಿಗ್ರಿಗೆ ಬೆಲೆ ಇದೆಯಾ? "ಕರೆಸ್ಪಾಂಡೆನ್ಸ್ ಅಂತೆ" ಅಂತ ಮೂಗು ಮುರೀತಾರಲ್ಲ?

ಮೂಗು ಮುರಿಯುವವರು ಮುರಿಯಲಿ. ಮಾನ್ಯತೆ ಇರುವ ವಿಶ್ವವಿದ್ಯಾಲಯದ ದೂರಶಿಕ್ಷಣ, ಆನ್‌ಲೈನ್ ಪದವಿಗಳು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ.

ಜನರ ಅನುಮಾನ ಸುಮ್ಮನೆ ಹುಟ್ಟಿದ್ದೂ ಅಲ್ಲ. ಮೈಸೂರಿನ ಮುಕ್ತ ವಿವಿಗೆ 2012-13ರ ನಂತರ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ. 2018ರಲ್ಲಿ ಮತ್ತೆ ಸಿಕ್ಕಿತು. ಆ ನಡುವೆ ಸಿಕ್ಕಿಬಿದ್ದವರು ಪಟ್ಟ ಪಾಡು ನಮ್ಮೂರುಗಳಲ್ಲಿ ಇನ್ನೂ ಮರೆತಿಲ್ಲ. ಆದ್ದರಿಂದ ಯಾವುದೇ ವಿವಿಯಾಗಲಿ, ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸ್‌ಗೆ ಅನುಮತಿ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ಬ್ಯೂರೋ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ "ಒಂದೇ ವರ್ಷದಲ್ಲಿ ಡಿಗ್ರಿ" ಅಂತ ಅಂಟಿಸಿರುವ ಚೀಟಿಯ ನಂಬರಿಗೆ ಫೋನ್ ಮಾಡಬೇಡಿ.

ಮನೇಲೇ ಕೂತು ಬಿ.ಎಡ್ ಮಾಡಬಹುದಾ? ಎಲ್‌ಎಲ್‌ಬಿ? ನರ್ಸಿಂಗ್?

ಎಲ್‌ಎಲ್‌ಬಿ, ನರ್ಸಿಂಗ್, ಇಂಜಿನಿಯರಿಂಗ್ ದೂರಶಿಕ್ಷಣದಲ್ಲಿ ಇಲ್ಲ. ಕೊಡ್ತೀವಿ ಅಂದವರು ಮೋಸ ಮಾಡುತ್ತಿದ್ದಾರೆ. ಸೈಕಾಲಜಿಯನ್ನೂ 2025ರಲ್ಲಿ ಯುಜಿಸಿ ನಿಲ್ಲಿಸಿದೆ. ಬಿ.ಎಡ್ ಇದೆ, ಆದರೆ ಎಲ್ಲರಿಗೂ ಅಲ್ಲ. ತರಬೇತಿ ಪಡೆದು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿರುವವರಿಗೆ, ಇಲ್ಲವೇ ಡಿ.ಎಡ್‌ನಂಥ ಶಿಕ್ಷಕ ತರಬೇತಿಯನ್ನು ಕಾಲೇಜಿಗೆ ಹೋಗಿಯೇ ಮುಗಿಸಿದವರಿಗೆ ಮಾತ್ರ. ಬಿ.ಎ. ಮುಗಿಸಿ ನೇರ ಮನೆಯಿಂದ ಬಿ.ಎಡ್ ಅನ್ನುವ ಲೆಕ್ಕಾಚಾರ ಇಟ್ಟುಕೊಂಡಿದ್ದರೆ ಈಗಲೇ ಬದಲಿಸಿಕೊಳ್ಳಿ.

ಅರ್ಜಿ ಹಾಕುವಾಗ ಹೆಸರು ಹೊಂದ್ತಿಲ್ಲ ಅಂತಾರೆ. ಏನು ಮಾಡೋದು?

ಹೆಣ್ಣುಮಕ್ಕಳಿಗೆ ಈ ತೊಡಕು ಹೆಚ್ಚು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಇನಿಷಿಯಲ್, ಆಧಾರ್‌ನಲ್ಲಿ ಮದುವೆಯಾದ ಮೇಲೆ ಸೇರಿಸಿದ ಗಂಡನ ಹೆಸರು. ಈಗ ದೂರಶಿಕ್ಷಣಕ್ಕೆ ಸೇರಲು ಮೊದಲು ಎಬಿಸಿ ಐಡಿ (ಓದಿನ ಕ್ರೆಡಿಟ್ ಜಮೆಯಾಗುವ ಖಾತೆಯ ಸಂಖ್ಯೆ), ಆಮೇಲೆ ಡಿಇಬಿ ಐಡಿ (ಯುಜಿಸಿಯ ದೂರಶಿಕ್ಷಣ ಬ್ಯೂರೋದ ಸಂಖ್ಯೆ) ಮಾಡಿಸಿಕೊಳ್ಳಬೇಕು. ಎರಡಕ್ಕೂ ಆಧಾರ್‌ನ ವಿವರವೇ ಬುಡ. ಕೊನೆಯ ದಿನಾಂಕಕ್ಕೆ ನಾಲ್ಕು ದಿನ ಇರುವಾಗ ಆಧಾರ್ ತಿದ್ದುಪಡಿಗೆ ನಿಂತರೆ ಆ ಸರ್ತಿ ಅಡ್ಮಿಷನ್ ಹೋಯಿತು ಅಂತಲೇ ಲೆಕ್ಕ. ಅಂಕಪಟ್ಟಿಯಲ್ಲಿ ಇರುವ ಹಾಗೆ ಹೆಸರನ್ನು ಮೊದಲೇ ಸರಿ ಮಾಡಿಸಿಕೊಳ್ಳಿ, ಮೊಬೈಲ್ ನಂಬರೂ ನಿಮ್ಮದೇ ಜೋಡಣೆಯಾಗಿರಲಿ. ಒಟಿಪಿ ಗಂಡನ ಫೋನಿಗೆ ಬರುವುದು, ಅವರು ತೋಟದಲ್ಲಿರುವುದು, ಇಲ್ಲಿ ಪೇಜ್ ಎಕ್ಸ್‌ಪೈರ್ ಆಗುವುದು: ಇದನ್ನು ಬಹಳ ನೋಡಿದ್ದೇನೆ.

ಅಂಕಪಟ್ಟಿಯಲ್ಲಿ ಜಿಲ್ಲೆ ಕೋಲಾರ ಅಂತಿದೆ, ಆಧಾರ್‌ನಲ್ಲಿ ಚಿಕ್ಕಬಳ್ಳಾಪುರ ಅಂತಿದೆ ಎಂದು ಕೆಲವರು ಗಾಬರಿಯಾಗುತ್ತಾರೆ. ನಮ್ಮ ಜಿಲ್ಲೆ ಹುಟ್ಟಿದ್ದೇ 2007ರಲ್ಲಿ. ಅದಕ್ಕೆ ಮುಂಚೆ ಓದಿದವರೆಲ್ಲ ಕೋಲಾರದವರೇ. ಇದರಿಂದ ತೊಂದರೆಯಿಲ್ಲ.

ದಿನಕ್ಕೆ ಎಷ್ಟು ಹೊತ್ತು ಓದಬೇಕು?

ಕಾಗದದ ಲೆಕ್ಕ ಹೀಗಿದೆ. ಒಂದು ಕ್ರೆಡಿಟ್ ಅಂದರೆ 30 ಗಂಟೆಯ ಓದು. ನಾಲ್ಕು ಕ್ರೆಡಿಟ್‌ನ ಒಂದು ಪೇಪರಿಗೆ 120 ಗಂಟೆ. ಸೆಮಿಸ್ಟರಿಗೆ 20 ಕ್ರೆಡಿಟ್ ಇದ್ದರೆ 600 ಗಂಟೆ, ಅಂದರೆ ಆರು ತಿಂಗಳು ದಿನವೂ ಮೂರು ಗಂಟೆಗಿಂತ ಜಾಸ್ತಿ. ಅಸೈನ್‌ಮೆಂಟು, ಕಾಂಟ್ಯಾಕ್ಟ್ ಕ್ಲಾಸು ಎಲ್ಲ ಇದರಲ್ಲೇ ಸೇರಿದೆ.

ಹಸು, ಮಕ್ಕಳು, ಅಡುಗೆ ಇರುವ ಮನೆಯಲ್ಲಿ ದಿನಕ್ಕೆ ಮೂರು ಗಂಟೆ ಹುಟ್ಟುವುದಿಲ್ಲ. ಇದನ್ನು ಒಪ್ಪಿಕೊಂಡೇ ಶುರು ಮಾಡುವುದು ಒಳ್ಳೆಯದು. ದಿನಕ್ಕೆ ಒಂದೂವರೆ ಗಂಟೆ ತಪ್ಪದೆ ಓದಿ, ಉಳಿದದ್ದನ್ನು ಬಿಡುವು ಬಂದ ವಾರಗಳಲ್ಲಿ ಸುರಿದು ಓದುವುದು ನಡೆಯುವ ದಾರಿ.

ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದಿ ಅನ್ನುವ ಉಪದೇಶ ನನಗೆ ಹಿಡಿಸುವುದಿಲ್ಲ. ರಾತ್ರಿ ಪಾತ್ರೆ ತೊಳೆದು ಮಲಗುವಾಗ ಹನ್ನೊಂದು, ಬೆಳಿಗ್ಗೆ ಐದೂವರೆಗೆ ಡೇರಿಗೆ ಹಾಲು ಹಾಕಬೇಕು. ಅಂಥವರ ನಿದ್ದೆಯಲ್ಲಿ ಇನ್ನೂ ಕತ್ತರಿಸಲು ಏನಿದೆ? ಮಕ್ಕಳು ಸ್ಕೂಲಿಗೆ ಹೋಗಿ, ತಿಂಡಿ ಪಾತ್ರೆ ಎತ್ತಿಟ್ಟ ಮೇಲಿನ ಹತ್ತರಿಂದ ಹನ್ನೊಂದೂವರೆ ನೋಡಿ. ಆ ಹೊತ್ತಿನಲ್ಲಿ ಬಟ್ಟೆ ಒಗೆಯುತ್ತಿದ್ದೀರಿ ಅಲ್ಲವೇ? ಬಟ್ಟೆ ಮಧ್ಯಾಹ್ನವೂ ಒಣಗುತ್ತದೆ.

ನಮ್ಮದು ಹುಳು ಮನೆ. ಬೆಳೆ ಬಂದಾಗ ಪುಸ್ತಕ ಮುಟ್ಟೋಕೆ ಆಗಲ್ಲ. ನಮ್ಮಂಥವರು ಓದೋದು ಹೇಗೆ?

ನನ್ನನ್ನು ಕೇಳಿದರೆ ರೇಷ್ಮೆ ಸಾಕುವವರಿಗೆ ಓದು ಹೊಂದಿಸುವುದು ಬೇರೆಯವರಿಗಿಂತ ಸುಲಭ. ಯಾಕೆಂದರೆ ಹುಳುವಿನ ಕ್ಯಾಲೆಂಡರ್ ಪಕ್ಕಾ. ಹಸು ಯಾವಾಗ ಹುಷಾರು ತಪ್ಪುತ್ತೆ, ನೆಂಟರು ಯಾವಾಗ ಬರುತ್ತಾರೆ ಹೇಳಲಾಗದು. ಹುಳು ಯಾವತ್ತು ಜ್ವರಕ್ಕೆ ಕೂರುತ್ತೆ (ಮೇವು ಬಿಟ್ಟು ಪೊರೆ ಕಳಚುತ್ತೆ), ಯಾವತ್ತು ಹಣ್ಣಾಗುತ್ತೆ (ಗೂಡು ಕಟ್ಟಲು ಸಿದ್ಧವಾಗುತ್ತೆ) ಅನ್ನುವುದನ್ನು ಒಂದು ದಿನ ಹೆಚ್ಚುಕಮ್ಮಿಯಲ್ಲಿ ಎಲ್ಲರೂ ಹೇಳುತ್ತಾರೆ.

ಚಾಕಿ ಕೇಂದ್ರದಿಂದ, ಅಂದರೆ ಮರಿಹುಳು ಸಾಕಿಕೊಡುವ ಕಡೆಯಿಂದ, ಎರಡನೇ ಜ್ವರ ಎದ್ದ ಹುಳು ತಂದಿರಿ ಅಂದುಕೊಳ್ಳಿ. ಅಲ್ಲಿಂದ ಮುಂದಿನ ಜ್ವರದವರೆಗಿನ ಮೂರನೇ ಹಂತ ನಾಲ್ಕು ದಿನ. ಸೊಪ್ಪು ಕಡಿಮೆ ಬೇಕು, ದಿನದ ಒಂದೂವರೆ ಗಂಟೆ ಆರಾಮಾಗಿ ಸಿಗುತ್ತದೆ. ಮೂರನೇ ಜ್ವರಕ್ಕೆ ಕೂತಾಗ ಸುಮಾರು ಒಂದು ದಿನ ಸೊಪ್ಪೇ ಹಾಕುವಂತಿಲ್ಲ. ಮನೆಯವರೆಲ್ಲ ಅವತ್ತು ಸಂತೆಗೋ ಬ್ಯಾಂಕಿಗೋ ಹೋಗುವ ಪದ್ಧತಿ. ಆ ದಿನ ನಿಮ್ಮದು. ಒಂದು ಅಸೈನ್‌ಮೆಂಟ್ ಕೂತು ಮುಗಿಸಬಹುದು. ನಾಲ್ಕನೇ ಹಂತ ಐದು ದಿನ, ಆಮೇಲೆ ನಾಲ್ಕನೇ ಜ್ವರ, ಇನ್ನೊಂದು ಬಿಡುವಿನ ದಿನ.

ಐದನೇ ಹಂತ ಬಂತೋ, ಪುಸ್ತಕ ಮಡಿಚಿ ಎತ್ತಿಡಿ. ಒಂದು ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಈ ಏಳೆಂಟು ದಿನದಲ್ಲೇ ಖರ್ಚಾಗುತ್ತದೆ. ಕಡ್ಡಿ ಕೊಯ್ಯುವುದು, ಹೊರುವುದು, ಹಾಸುವುದು, ರಾತ್ರಿ ಮತ್ತೆ ಮೇವು. ಈ ವಾರ ಓದುತ್ತೇನೆ ಅಂತ ಪಣ ತೊಟ್ಟು, ಆಗದೆ, ನನ್ನ ಕೈಲಾಗಲ್ಲ ಅಂತ ಕೋರ್ಸನ್ನೇ ಬಿಟ್ಟವರಿದ್ದಾರೆ. ಮೊದಲೇ ಈ ವಾರಕ್ಕೆ ಅಡ್ಡಗೆರೆ ಎಳೆದಿಟ್ಟರೆ ಆ ಸಂಕಟ ಇರುವುದಿಲ್ಲ.

ಹುಳು ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಹತ್ತಿದ ಮೇಲೆ ಗೂಡು ಬಿಡಿಸುವವರೆಗೆ ನಾಲ್ಕೈದು ದಿನ ಮೇವಿನ ಕೆಲಸವಿಲ್ಲ. ಶಿಡ್ಲಘಟ್ಟ ಮಾರ್ಕೆಟ್‌ನಲ್ಲಿ ಗೂಡು ಹರಾಜಾಗಿ, ಮನೆ ತೊಳೆದು ಔಷಧಿ ಹೊಡೆದು, ಮುಂದಿನ ಚಾಕಿ ಬರುವವರೆಗೆ ಮತ್ತೆ ಒಂದಷ್ಟು ದಿನ. ವರ್ಷಕ್ಕೆ ಐದು ಬೆಳೆ ತೆಗೆಯುವ ಮನೆಯಲ್ಲಿ ಈ ಬಿಡುವುಗಳನ್ನು ಕೂಡಿಸಿದರೆ ಸಣ್ಣದೇನಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಚಾಕಿ ಬುಕ್ ಮಾಡುವ ದಿನ. ಪರೀಕ್ಷೆ ವೇಳಾಪಟ್ಟಿ ಬಂದ ಕೂಡಲೇ ಹಿಂದಕ್ಕೆ ಎಣಿಸಿ, ಐದನೇ ಹಂತ ಪರೀಕ್ಷೆಯ ವಾರಕ್ಕೆ ಬೀಳದ ಹಾಗೆ ಚಾಕಿ ಹೇಳಿ. ವಾರ ಹತ್ತು ದಿನ ಹಿಂದುಮುಂದಾದರೆ ತೋಟದ ಸೊಪ್ಪೇನೂ ಹಾಳಾಗುವುದಿಲ್ಲ. ಆದರೆ ಈ ಮಾತನ್ನು ಮನೆಯ ಯಜಮಾನರ ಹತ್ತಿರ ಆಡಬೇಕು. ಅದು ಮುಂದಿನ ಪ್ರಶ್ನೆ.

ಇನ್ನೊಂದು ಸಣ್ಣ ವಿಷಯ. ಪುಸ್ತಕವನ್ನು ಹುಳು ಮನೆಯೊಳಗೆ ಇಡಬೇಡಿ. ಒಳಗಿನ ತೇವಕ್ಕೆ ಹಾಳೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ, ಬ್ಲೀಚಿಂಗ್ ಪುಡಿಯ ಕೈಯಲ್ಲಿ ಮುಟ್ಟಿದರೆ ಅಕ್ಷರವೂ ಮಾಸುತ್ತದೆ. ನನಗೆ ಗೊತ್ತಿರುವ ಒಬ್ಬಾಕೆ ಪಾಠವನ್ನು ತನ್ನ ಧ್ವನಿಯಲ್ಲೇ ಓದಿ ರೆಕಾರ್ಡ್ ಮಾಡಿಕೊಂಡು, ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸ್ಟ್ಯಾಂಡಿನ ಮೂಲೆಗೆ ನೇತುಹಾಕಿ, ಸೊಪ್ಪು ಹಾಸುತ್ತಾ ಕೇಳುತ್ತಾಳೆ. ನಡುವೆ ಕುಕ್ಕರ್ ಕೂಗಿದ್ದು, ಮಗ ಕರೆದದ್ದು, "ತಾಳೋ ಬಂದೆ" ಅಂದದ್ದು ಎಲ್ಲ ರೆಕಾರ್ಡ್ ಆಗಿದೆ. ಇತಿಹಾಸದ ಪಾಠದಲ್ಲಿ ಶಾಸನದ ವಿಷಯ ಬಂದರೆ ಕುಕ್ಕರ್ ಸೀಟಿ ನೆನಪಾಗುತ್ತಂತೆ. ನೆನಪಾದರೆ ಸಾಕಲ್ಲ.

ಅತ್ತೆಗೆ ಇಷ್ಟ ಇಲ್ಲ. ಕದ್ದುಮುಚ್ಚಿ ಓದ್ತಿದೀನಿ. ಹೀಗೇ ಮುಗಿಸಬಹುದಾ?

ಕಷ್ಟ. ಕದ್ದು ಓದುವ ಓದಿಗೆ ಹೊತ್ತು ಕೇಳಲಾಗದು. ಕಾಲೇಜಿಗೆ ಹೋಗುವ ಸೊಸೆ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಹೊರಟರೆ ಅವಳಿಗೆ ಓದಿದೆ ಅನ್ನುವುದು ಬೀದಿಗೇ ಗೊತ್ತಾಗುತ್ತದೆ. ಮನೆಯಲ್ಲಿ ಕೂತು ಓದುವವಳು ಎಲ್ಲರ ಕಣ್ಣಿಗೆ ಸುಮ್ಮನೆ ಕೂತವಳು. "ಹೇಗೂ ಕೂತಿದೀಯಲ್ಲ, ಈ ಅವರೆಕಾಯಿ ಸುಲಿ" ಅನ್ನುತ್ತಾರೆ. ಅವರ ತಪ್ಪೂ ಅಲ್ಲ, ಅವರಿಗೆ ಕಾಣುವುದು ಅಷ್ಟೇ.

ಹಾಗಾಗಿ ಓದು ಕಾಣುವ ಹಾಗೆ ಮಾಡಿ. ಪರೀಕ್ಷೆ ದಿನಾಂಕ, ಅಸೈನ್‌ಮೆಂಟ್ ಕೊನೆಯ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ, ಚೀಟಿ ಕಂತು ಬರೆಯುವ ಅದೇ ಕ್ಯಾಲೆಂಡರಿನಲ್ಲಿ ಬರೆಯಿರಿ. ದಿನವೂ ಅದೇ ಜಾಗ, ಅದೇ ಹೊತ್ತು. ಜಗಲಿಯ ಮೇಲೆ ಕೂತು ಓದಿದರೂ ಸರಿ, ನಾಲ್ಕು ಜನ ನೋಡಲಿ. ಕೋಣೆ ಬಾಗಿಲು ಹಾಕಿಕೊಂಡರೆ ನಿದ್ದೆ ಮಾಡುತ್ತಿದ್ದಾಳೆ ಅನ್ನುತ್ತಾರೆ.

ಮಾತು ಆಡುವಾಗ "ನನಗೆ ಓದಬೇಕು ಅಂತ ಆಸೆ" ಅಂತ ಶುರು ಮಾಡಬೇಡಿ. ಆಸೆಯನ್ನು ಮುಂದಿನ ವರ್ಷಕ್ಕೆ ತಳ್ಳುವುದು ಬಹಳ ಸುಲಭ. ಯಾವ ತಿಂಗಳು ಯಾವ ದಿನ ನೀವು ಮನೆಯಲ್ಲಿ ಇರುವುದಿಲ್ಲ, ಅವತ್ತು ಹಸು ಯಾರು ನೋಡಬೇಕು, ಅಡುಗೆ ಏನು ಮಾಡಿಟ್ಟು ಹೋಗುತ್ತೀರಿ, ಫೀಸು ಎಲ್ಲಿಂದ: ಇಷ್ಟನ್ನು ಮುಂದಿಡಿ. ಫೀಸಿಗೆ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಕೂಡಿಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದರೆ ಕಂತು ಬರುವ ತಿಂಗಳನ್ನೇ ನಂಬಿಕೊಂಡು ಫೀಸಿನ ಕೊನೆಯ ದಿನದವರೆಗೆ ಕಾಯಬೇಡಿ.

ಅತ್ತೆಯ ಬಗ್ಗೆ ಒಂದು ಮಾತು. ಎದುರು ನಿಲ್ಲುವವರು ಅತ್ತೆಯೇ ಅಂತ ಎಲ್ಲರೂ ಮೊದಲೇ ತೀರ್ಮಾನಿಸಿಬಿಡುತ್ತಾರೆ. ನಾನು ನೋಡಿದ ಮನೆಗಳಲ್ಲಿ "ಓದಲಿ ಬಿಡಪ್ಪ, ನಮಗಂತೂ ಆಗಲಿಲ್ಲ" ಅಂತ ಮಗನಿಗೆ ಹೇಳಿದ ಅತ್ತೆಯರೂ ಇದ್ದಾರೆ. ಮೇಲ್ನೋಟಕ್ಕೆ "ನಿನ್ನಿಷ್ಟ" ಅಂದು, ಪರೀಕ್ಷೆ ಹಿಂದಿನ ದಿನ ನಾಲ್ಕು ಜನ ಸ್ನೇಹಿತರನ್ನು ಊಟಕ್ಕೆ ಕರೆತರುವ ಗಂಡನನ್ನು ಸಂಭಾಳಿಸುವುದು ಇನ್ನೂ ಕಷ್ಟ. ಆ ದಿನಾಂಕವೂ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಇರಲಿ.

ಮಗು ಇನ್ನೂ ಚಿಕ್ಕದು. ಯಾರ ಹತ್ರ ಬಿಡೋದು?

ಮೂರು ವರ್ಷ ತುಂಬಿದ್ದರೆ ಅಂಗನವಾಡಿ ಇದೆ. ಅಲ್ಲಿ ಮಗು ಅತ್ತು ಹೊಂದಿಕೊಳ್ಳಲು ತಿಂಗಳಾದರೂ ಬೇಕು, ಸೆಮಿಸ್ಟರ್ ಶುರುವಾಗುವ ಮೊದಲೇ ಕಳಿಸಿ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಹಲವು ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಇದೆ. ಅದು ಮುಖ್ಯವಾಗಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಮಾಡಿದ್ದು, ನಿಮ್ಮ ಪಂಚಾಯಿತಿಯಲ್ಲಿ ವಿಚಾರಿಸಿ.

ಎದೆಹಾಲು ಕುಡಿಯುವ ಮಗು ಇದ್ದರೆ ಆ ಸೆಮಿಸ್ಟರ್ ಎಲ್ಲ ಪೇಪರ್ ಬರೆಯುವ ಹಟ ಬೇಡ. ಎರಡು ಬರೆಯಿರಿ.

ಮನೇಲಿ ಇರೋದು ಒಂದೇ ಸ್ಮಾರ್ಟ್‌ಫೋನ್. ಅದೂ ಮಗನ ಕೈಲಿ.

ಪಿಡಿಎಫ್ ಓದಲು ಫೋನೇ ಬೇಕು ಅಂತಿಲ್ಲ. ಪರೀಕ್ಷೆಗೆ ಮುಖ್ಯವಾದ ಘಟಕಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಸ್ಪೈರಲ್ ಹಾಕಿಸಿ. ಖರ್ಚಾದರೂ ಮನೆಯಲ್ಲಿ ಜಗಳ ಕಡಿಮೆ. ಅಚ್ಚಾದ ಪುಸ್ತಕ ಅಂಚೆಯಲ್ಲಿ ಬರುವ ಕೋರ್ಸ್ ಆದರೆ ಡಿಜಿಟಲ್ ಪ್ರತಿ ಸಾಕು ಅಂತ ಟಿಕ್ ಹಾಕಬೇಡಿ, ಅಲ್ಲಿ ಉಳಿಯುವ ದುಡ್ಡು ಆಮೇಲೆ ಪ್ರಿಂಟಿಗೆ ಹೋಗುತ್ತದೆ. ಊರಿನ ಪಂಚಾಯಿತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಅಂತ ಬೋರ್ಡ್ ಇರುವ ಕಟ್ಟಡ, ಹಲವು ಕಡೆ ಕಂಪ್ಯೂಟರ್ ಸಮೇತ ಇದೆ. ಸಂಜೆ ಹೊತ್ತು ಹುಡುಗರೇ ತುಂಬಿರುತ್ತಾರೆ ಅನ್ನುವುದು ನಿಜ. ಇಬ್ಬರು ಮೂವರು ಹೆಣ್ಣುಮಕ್ಕಳು ಒಟ್ಟಿಗೆ ಹೋದರೆ ಜಾಗ ತಾನೇ ಆಗುತ್ತದೆ.

ಮನೇಲಿ ಮಾತಾಡೋದು ತೆಲುಗು. ಕನ್ನಡದಲ್ಲಿ ಬರೆಯೋಕೆ ಆಗುತ್ತಾ?

ಶಾಲೆಯಲ್ಲಿ ಕನ್ನಡದಲ್ಲೇ ಓದಿದ್ದೀರಲ್ಲ, ಆಗುತ್ತದೆ. ಬಾಗೇಪಲ್ಲಿ, ಚಿಂತಾಮಣಿ ಕಡೆ ಅರ್ಧಕ್ಕರ್ಧ ಮನೆಗಳದ್ದು ಇದೇ ಕಥೆ. ಕೈ ತಪ್ಪಿ ಹೋಗಿರುವುದು ಬರೆಯುವ ಅಭ್ಯಾಸ ಮಾತ್ರ. ಮೂರು ಗಂಟೆ ಒಂದೇ ಸಮನೆ ಬರೆದು ವರ್ಷಗಳೇ ಆಗಿರುತ್ತವೆ, ಒಂದು ಗಂಟೆಗೆ ಬೆರಳು ನೋಯುತ್ತದೆ. ಪರೀಕ್ಷೆಗೆ ತಿಂಗಳಿರುವಾಗಿಂದ ಹಳೆ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಕೈಯಲ್ಲಿ ಬರೆದು ರೂಢಿ ಮಾಡಿ.

ನಾನು ನರಸಾಪುರದ ಕಂಪನೀಲಿ ಶಿಫ್ಟ್ ಕೆಲಸ ಮಾಡ್ತೀನಿ. ಗಂಡಸರಿಗೆ ಏನೂ ಹೇಳಲ್ವಾ?

ಹೇಳೋಣ. ನೈಟ್ ಶಿಫ್ಟ್ ವಾರದಲ್ಲಿ ಮನೆಗೆ ಬಂದು ಓದಲು ಕೂರಬೇಡಿ, ಮಲಗಿ ಎದ್ದು ಮಧ್ಯಾಹ್ನ ಓದಿ. ಕಂಪನಿ ಬಸ್ಸಿನಲ್ಲಿ ಕಿವಿಗೆ ಪಾಠ ಹಾಕಿಕೊಳ್ಳಿ. ಪರೀಕ್ಷೆಯ ರಜೆಯನ್ನು ವೇಳಾಪಟ್ಟಿ ಬಂದ ದಿನವೇ ಸೂಪರ್‌ವೈಸರಿಗೆ ಬರವಣಿಗೆಯಲ್ಲಿ ಕೇಳಿ. ಓದುವ ಹೆಂಡತಿಗೆ ಒಂದೂವರೆ ಗಂಟೆ ಹುಟ್ಟಿಸಲು ಇಷ್ಟುದ್ದ ಬರೆಯಬೇಕಾಯಿತು. ಓದುವ ಗಂಡನಿಗೆ ಮನೆಯವರೇ ಟಿವಿ ಸೌಂಡ್ ಕಡಿಮೆ ಮಾಡುತ್ತಾರೆ.

ಪರೀಕ್ಷೆ ಬರೆಯೋಕೆ ಎಲ್ಲಿಗೆ ಹೋಗಬೇಕು?

ಪರೀಕ್ಷಾ ಅರ್ಜಿಯಲ್ಲಿ ಕೇಂದ್ರ ಆರಿಸುವಾಗ ಹತ್ತಿರದ್ದು ಅಂತ ಕಣ್ಣುಮುಚ್ಚಿ ಒತ್ತಬೇಡಿ, ಬೆಳಗಿನ ಬಸ್ಸು ಇರುವ ಊರನ್ನು ಆರಿಸಿ. ಹಾಲ್ ಟಿಕೆಟ್‌ನಲ್ಲಿ ಕೊನೆಗೆ ಯಾವ ಕೇಂದ್ರ ಬಂದಿದೆ ಅಂತ ಮತ್ತೊಮ್ಮೆ ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ನಮ್ಮ ಕಡೆ ಖಾಸಗಿ ಬಸ್ಸುಗಳೂ ಆಂಧ್ರದ ಬಸ್ಸುಗಳೂ ಓಡುತ್ತವೆ, ಅವುಗಳಲ್ಲಿ ಇದು ನಡೆಯುವುದಿಲ್ಲ. ಕೈಯಲ್ಲಿ ಚಿಲ್ಲರೆ ಇರಲಿ. ಮೊದಲ ಪೇಪರಿನ ದಿನ ಸರ್ಕಾರಿ ಬಸ್ಸಿಗೇ ಕಾಯುತ್ತೇನೆ ಅಂತ ನಿಲ್ಲಬೇಡಿ.

ಒಂದು ಸರ್ತಿ ಪರೀಕ್ಷೆ ಬರೆಯೋಕೆ ಆಗದೇ ಹೋದ್ರೆ ಎಲ್ಲ ಮುಗೀತಾ?

ಇಲ್ಲ. ಇಗ್ನೋದಲ್ಲಿ ಮೂರು ವರ್ಷದ ಡಿಗ್ರಿಯನ್ನು ಆರು ವರ್ಷದವರೆಗೆ, ಎರಡು ವರ್ಷದ ಎಂ.ಎ.ಯನ್ನು ನಾಲ್ಕು ವರ್ಷದವರೆಗೆ ಎಳೆಯಬಹುದು. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ. ಜೂನ್‌ನಲ್ಲಿ ಬಿಟ್ಟ ಪೇಪರನ್ನು ಮತ್ತೆ ಶುಲ್ಕ ಕಟ್ಟಿ ಡಿಸೆಂಬರ್‌ನಲ್ಲಿ ಬರೆಯಬಹುದು. ಪೇಪರ್ ಉಳಿದಿದ್ದರೂ ಮುಂದಿನ ವರ್ಷಕ್ಕೆ ಮರುನೋಂದಣಿ ಮಾಡಿಸಬಹುದು, ಆದರೆ ಆ ಕೊನೆಯ ದಿನಾಂಕ ತಪ್ಪಿಸಿದರೆ ಆರು ತಿಂಗಳೋ ವರ್ಷವೋ ಕಾಯಬೇಕು. ಬಿಟ್ಟವರಲ್ಲಿ ಬಹಳ ಜನ ಫೇಲಾಗಿ ಬಿಟ್ಟವರಲ್ಲ, ಮರುನೋಂದಣಿ ಮರೆತು ಬಿಟ್ಟವರು. ಮೈಸೂರಿನ ವಿವಿಯಲ್ಲೂ ಹೆಚ್ಚುವರಿ ಅವಧಿ ಇದೆ, ಎಷ್ಟು ಅನ್ನುವುದನ್ನು ನಿಮ್ಮ ಕೋರ್ಸಿನ ಪ್ರಾಸ್ಪೆಕ್ಟಸ್‌ನಲ್ಲೇ ನೋಡಿ.

ಪರೀಕ್ಷೆ ವಾರದಲ್ಲೇ ನಾದಿನಿ ಮದುವೆ. ಹೋಗಲೇಬೇಕು. ಏನ್ ಮಾಡ್ಲಿ?

ಮದುವೆಗೆ ಹೋಗಿ. ಆರತಕ್ಷತೆ, ಧಾರೆ ಎರಡಕ್ಕೂ ಇರಿ. ಚಪ್ಪರದ ದಿನದಿಂದ ಮದುವೆಮನೆಯಲ್ಲಿ ಇರಬೇಕು ಅನ್ನುವುದಕ್ಕೆ ಮಾತ್ರ ಆಗಲ್ಲ ಅಂತ ಒಂದು ತಿಂಗಳು ಮುಂಚೆಯೇ, ನಾದಿನಿಗೇ ನೇರವಾಗಿ ಹೇಳಿ. ಮುಹೂರ್ತದ ದಿನವೇ ಪೇಪರ್ ಇದ್ದರೆ ಆ ಒಂದು ಪೇಪರ್ ಬಿಡಿ, ಉಳಿದವನ್ನು ಬರೆಯಿರಿ. ಹಾಲ್ ಟಿಕೆಟನ್ನು ಮದುವೆಗೆ ಒಯ್ಯುವ ಸೂಟ್‌ಕೇಸಿನಲ್ಲಿ ಹಾಕದೆ ನಿಮ್ಮ ಪರ್ಸಿನಲ್ಲೇ ಇಟ್ಟುಕೊಳ್ಳಿ, ಛತ್ರದಿಂದಲೇ ಪರೀಕ್ಷೆಗೆ ಹೊರಡಬೇಕಾಗಬಹುದು.